ಮೀಟರಿನ ನಲವತ್ತರ ಮೇಲೆ ಕುಂಕುಮ

ಅಪಘಾತದ ದಿನ ಮೀಟರಿನ ಮುಳ್ಳು ಎಪ್ಪತ್ತರ ಮೇಲೆ ನಡುಗುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮುಳ್ಳಿನ ತುದಿಯ ಕೆಂಪು ಬಣ್ಣ ಅರ್ಧ ಉದುರಿತ್ತು ಅನ್ನುವುದೂ ನೆನಪಿದೆ. ಆದರೆ ಅವತ್ತು ನಾನು ಆ ಗಾಡಿಯಲ್ಲಿ ಇರಲೇ ಇಲ್ಲ. ಕೊರಟಗೆರೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಸಂತೆಯ ಗಲಾಟೆ ಇತ್ತು ಅಂತ ಬರೆಯಲು ಹೋಗಿ ಕೈ ತಡೆದೆ. ಸಂತೆ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಗಾಡಿಯಲ್ಲಿ ಇದ್ದವರು ನನ್ನ ಅಕ್ಕ ಮತ್ತು ಭಾವ. ಪಾವಗಡ ರಸ್ತೆಯ ಒಂದು ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು, ಪಿಕಪ್ ರಸ್ತೆ ಬಿಟ್ಟು ಹಳ್ಳಕ್ಕೆ ಇಳಿಯಿತು. ಭಾವನಿಗೆ ಏನೂ ಆಗಲಿಲ್ಲ. ಕಿಟಕಿ ಪಕ್ಕ ಕೂತಿದ್ದ ಅಕ್ಕನ ಎಡ ಮೊಣಕೈ ಮುರಿಯಿತು. ಆ ಕೈ ಈಗಲೂ ಪೂರ್ತಿ ನೆಟ್ಟಗಾಗುವುದಿಲ್ಲ. ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡವಳ ಹಾಗೆ, ಬಿಂದಿಗೆ ಇಲ್ಲದಾಗಲೂ ಮಡಚಿಕೊಂಡೇ ಇರುತ್ತದೆ. ಮುಳ್ಳು ಎಪ್ಪತ್ತರಲ್ಲಿತ್ತು ಅಂತ ಅಕ್ಕ. ಐವತ್ತೈದು ದಾಟಿರಲಿಲ್ಲ ಅಂತ ಭಾವ. ಇಬ್ಬರ ಮಾತನ್ನೂ ಕೇಳಿ ಕೇಳಿ ನಾನು ನನ್ನದೇ ಒಂದು ಮುಳ್ಳನ್ನು ಮಾಡಿಕೊಂಡೆ ಅಂತ ಕಾಣುತ್ತದೆ.

ಕೈಗೆ ಹಾಕಿದ್ದ ಕಟ್ಟು ಬಿಚ್ಚಿದ ಮೇಲೆ ಅಕ್ಕ ಭಾವನನ್ನು ಗೊರವನಹಳ್ಳಿ ಮಹಾಲಕ್ಷ್ಮಿಯ ಗುಡಿಗೆ ಕರೆದುಕೊಂಡು ಹೋದಳು. ಇನ್ನು ಮೇಲೆ ನಲವತ್ತರ ಮೇಲೆ ಓಡಿಸುವುದಿಲ್ಲ ಅಂತ ಅಮ್ಮನವರ ಎದುರಿಗೆ ಹೇಳಿಸಿದಳು. ಹೊರಗೆ ಬಂದು, ಪಿಕಪ್ಪಿನ ಮೀಟರಿನ ಗಾಜಿನ ಮೇಲೆ, ನಲವತ್ತು ಅಂತ ಇರುವ ಕಡೆ, ಒಂದು ಬೊಟ್ಟು ಕುಂಕುಮ ಇಟ್ಟಳು. ಮುಳ್ಳು ಆ ಬೊಟ್ಟನ್ನು ದಾಟಬಾರದು. ಅಲ್ಲಿಂದ ಮುಂದೆ ಅವರು ಗುಡಿಗೆ ಹೋದಾಗಲೆಲ್ಲ ಬೊಟ್ಟು ಹೊಸದಾಗುತ್ತಿತ್ತು. ಭಾವ ಆ ಮಾತನ್ನು ಉಳಿಸಿಕೊಂಡ. ಟ್ರ್ಯಾಕ್ಟರಿನವರು ಹಿಂದೆ ಹಾಕಿ ಹೋಗುವರು, ಸ್ಕೂಟರಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಮುದುಕರು ಹಿಂದೆ ಹಾಕಿ ಹೋಗುವರು. ಖಾಸಗಿ ಬಸ್ಸಿನ ಕ್ಲೀನರುಗಳು ಬಾಗಿಲಲ್ಲಿ ನೇತಾಡುತ್ತ, "ಯಜಮಾನ್ರೇ, ಇಳಿದು ತಳ್ಳಣೇನು?" ಅಂತ ಕೂಗುವರು. ಭಾವ ನಗುತ್ತ ಕೈ ಎತ್ತುವನು. ಪಕ್ಕದಲ್ಲಿ ಕೂತ ನನಗೆ ಮೈಯೆಲ್ಲ ಮುಜುಗರ.

ಆ ಮುಜುಗರವನ್ನು ಇಲ್ಲಿ ಬರೆದಿಡಬೇಕು. ಮುಂದೆ ನಾನು ಮಾಡಿದ್ದಕ್ಕೆ ಬೇರೆ ಕಾರಣಗಳನ್ನು ಕೊಡುತ್ತೇನೆ. ಅವು ಸುಳ್ಳಲ್ಲ, ಆದರೆ ಮೊದಲಿದ್ದದ್ದು ಇದು.

ಭಾವ ಮಧುಗಿರಿ ಸುತ್ತಮುತ್ತ ಕಲ್ಲುಕಂಬ ಸಾಗಿಸುತ್ತಾನೆ. ದಾಳಿಂಬೆ ತೋಟಗಳ ಬೇಲಿಗೆ ನೆಡುವ ಕಂಬಗಳು. ಗಾಡಿ ಹಳೆಯದು, ಅವನ ಕೈಗೆ ಬರುವ ಮೊದಲು ಎಷ್ಟು ಕೈ ಕಂಡಿತ್ತೋ. ಹೋದ ವರ್ಷ ಹಿಂದಿನಿಂದ ಒಂದು ಊಳು ಶುರುವಾಯಿತು. ಖಾಲಿ ಇದ್ದಾಗ ಸಣ್ಣಗೆ, ಕಂಬ ತುಂಬಿದಾಗ ನಾಯಿ ಅತ್ತ ಹಾಗೆ. ಅದೇ ಹೊತ್ತಿಗೆ ಭಾವ ಸೊಂಟನೋವಿನಿಂದ ಹಾಸಿಗೆ ಹಿಡಿದ. ಗಾಡಿಯನ್ನು ಶಿರಾಕ್ಕೆ ಒಯ್ಯುವ ಕೆಲಸ ನನಗೆ ಬಂತು.

ಶಿರಾದ ಮೆಕ್ಯಾನಿಕ್ ಭಾವನಿಗೆ ಹಳೆಯ ಪರಿಚಯ. ಕೆಲಸಕ್ಕಿಂತ ಮಾತು ಹೆಚ್ಚು. ಗಾಡಿಯ ಕೆಳಗೆ ಮಲಗಿಯೇ ಕೇಳಿದರು:

"ನಿಮ್ ಭಾವಂಗೂ ಸೊಂಟ, ಗಾಡೀಗೂ ಸೊಂಟ. ಯಾವ್ದನ್ನ ಮೊದ್ಲು ಬಿಚ್ಚಾಣ?"

"ಗಾಡೀದೇ ಬಿಚ್ಚಿ ಭಾಯ್. ಭಾವಂದು ಬಿಚ್ಚಿದ್ರೆ ಅಕ್ಕ ಬುಡಲ್ಲ."

ಹಿಂದಿನ ಚಕ್ರಗಳ ಅಚ್ಚು, ಅಂದರೆ ಆಕ್ಸಲ್, ಯಾವುದು ಅಂತ ಮೊದಲು ಗೊತ್ತಾಗಬೇಕಿತ್ತು. ದೊಡ್ಡ ಆಕ್ಸಲ್ ಇದೆ ಅಂತ ಹೇಳಿ ಭಾವನಿಗೆ ಗಾಡಿ ಮಾರಿದ್ದರಂತೆ. ಅದರ ಮೇಲೆ ನಂಬರು ಬರೆದ ಸಣ್ಣ ತಗಡು ಇರಬೇಕಿತ್ತು, ಇರಲಿಲ್ಲ. ಎಣ್ಣೆ, ಧೂಳು ಸೇರಿ ರೊಟ್ಟಿಯ ಹಾಗೆ ಹೆಪ್ಪುಗಟ್ಟಿತ್ತು. ಅವರು ಅದನ್ನು ಕೆರೆದು, ಹಿಂದಿನ ಮುಚ್ಚಳದ ಬೋಲ್ಟುಗಳನ್ನು ಎಣಿಸಿ, ಬ್ರೇಕ್ ಡ್ರಮ್ಮಿಗೆ ಗೇಣು ಹಾಕಿ ನೋಡಿ, "ದೊಡ್ಡದೂ ಅಲ್ಲ, ಏನೂ ಅಲ್ಲ. ಸಣ್ಣ ಗಾಡೀದು. ಯಾರೋ ಕಿತ್ತು ಇದಕ್ಕೆ ಕೂಡ್ಸವ್ರೆ. ಇದ್ರ ಮೇಲೆ ಕಲ್ಲುಕಂಬ ಹೇರ್ತಿದ್ರಾ? ಯಾ ಅಲ್ಲಾ!" ಅಂದರು.

ಆಮೇಲೆ ಎಣಿಕೆ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ ಕಡೆಯಿಂದ ಬರುವ ಉದ್ದ ಶಾಫ್ಟ್ ಎಷ್ಟು ಸುತ್ತು ಬರುತ್ತದೆ ಅಂತ ನೋಡಬೇಕು. ಶಾಫ್ಟಿನ ಮೇಲೆ ಗುರುತು ಹಾಕಲು ಚಾಕ್ ಹತ್ತಲಿಲ್ಲ, ಜಿಡ್ಡು. ನಾನು ಡ್ಯಾಶ್‌ಬೋರ್ಡಿನಲ್ಲಿದ್ದ ಅಕ್ಕನ ಕುಂಕುಮದ ಪೊಟ್ಟಣ ತಂದುಕೊಟ್ಟೆ.

"ಅರೆ, ಒಳಗಿಡಿ ಅದನ್ನ. ನಿಮ್ಮಕ್ಕ ಗ್ಯಾರೇಜಿಗೇ ಬಂದು ಬೈತಾರೆ," ಅಂದವರು ತಮ್ಮ ಎಲೆ-ಅಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ಗೀರು ಎಳೆದರು. ನಾನು ಚಕ್ರ ಒಂದು ಸುತ್ತು ತಿರುಗಿಸಿ, ಎರಡೂವರೆ ಅಂದೆ. ಅವರು ಕೆಳಗಿನಿಂದ ನಕ್ಕರು. ಒಂದೇ ಚಕ್ರ ಎತ್ತಿದ್ದಾಗ ಎರಡು ಸುತ್ತು ತಿರುಗಿಸಬೇಕಂತೆ, ಇನ್ನೊಂದು ಚಕ್ರ ನೆಲ ಹಿಡಿದಿರುತ್ತದಲ್ಲ. ಮತ್ತೆ ತಿರುಗಿಸಿದೆ. ಐದಕ್ಕೆ ಚೂರು ಕಮ್ಮಿ.

ಗುಜರಿಯಲ್ಲಿ ಒಂದು ದೊಡ್ಡ ಆಕ್ಸಲ್ ಬಿದ್ದಿತ್ತು. ದಪ್ಪ ಕೊಳವೆ, ಅಗಲವಾದ ಡ್ರಮ್ಮು, ಕಲ್ಲುಕಂಬಕ್ಕೆ ಹೇಳಿ ಮಾಡಿಸಿದ ಹಾಗೆ. ಒಂದು ಡ್ರಮ್ಮನ್ನು ನಾನು ಅದುಮಿ ಹಿಡಿದೆ, ಇನ್ನೊಂದನ್ನು ಅವರು ಎರಡು ಸುತ್ತು ತಿರುಗಿಸಿದರು. ನಾಲ್ಕಕ್ಕೆ ಚೂರು ಜಾಸ್ತಿ ಬಂತು. ಮೆಕ್ಯಾನಿಕ್ ಗಡ್ಡ ಕೆರೆದುಕೊಂಡರು.

"ಗಟ್ಟಿ ಮಾಲು. ಆದ್ರೆ ಏರಲ್ಲಿ ಸ್ವಲ್ಪ ಸುಸ್ತಾಗತ್ತೆ, ಬಯಲಲ್ಲಿ ಓಡತ್ತೆ. ಇನ್ನೊಂದು ಮಾತು. ಮೀಟರಿನ ವೈರು ಗೇರ್‌ಬಾಕ್ಸಿಂದ ಬರೋದು. ಚಕ್ರದ ಸುದ್ದಿ ಅದಕ್ಕೆ ಗೊತ್ತಿಲ್ಲ. ಇದನ್ನ ಹಾಕಿದ್ರೆ ಗಾಡಿ ಓಡೋದು ಜಾಸ್ತಿ, ಮೀಟರ್ ತೋರ್ಸೋದು ಕಮ್ಮಿ. ಹಳೇ ಸುತ್ತಿನ ಲೆಕ್ಕದ್ದೇ ಬೇಕು ಅಂದ್ರೆ ಹಿಂದೂಪುರದ ಕಡೆಯಿಂದ ಬರತ್ತೆ, ಒಂದ್ ವಾರ ತಡೀರಿ."

ನಾನು ಇದನ್ನೇ ಹಾಕಿ ಅಂದೆ. ಒಂದು ವಾರ ಗಾಡಿ ನಿಂತರೆ ಬಾಡಿಗೆ ತಪ್ಪುತ್ತದೆ, ನಿಜ. ಮತ್ತೆ ಶಿರಾಕ್ಕೆ ಬರಲು ನನಗೆ ಬೇಸರ, ಅದೂ ನಿಜ. ಆದರೆ ಅವರು ಮೀಟರಿನ ಮಾತು ಆಡಿದ ಗಳಿಗೆಯಲ್ಲಿ ನನ್ನೊಳಗೆ ಒಂದು ನಗು ಎದ್ದಿತು. ಭಾವ ಗೊತ್ತಿಲ್ಲದೆ ಜೋರಾಗಿ ಓಡಿಸುತ್ತಾನೆ. ಬಸ್ಸಿನ ಕ್ಲೀನರುಗಳ ಬಾಯಿ ಮುಚ್ಚುತ್ತದೆ. ಈ ನಗು ಆಗಲೇ ಎದ್ದಿತೋ, ಇಲ್ಲ ಈಗ ನನ್ನನ್ನು ನಾನೇ ಹೆಚ್ಚು ಕೆಟ್ಟವನನ್ನಾಗಿ ಮಾಡಿಕೊಳ್ಳಲು ಸೇರಿಸುತ್ತಿದ್ದೇನೋ? ಅನುಮಾನವಿದೆ. ಪಶ್ಚಾತ್ತಾಪಕ್ಕೂ ಬಣ್ಣ ಹಚ್ಚುವ ಚಟ ಇರುತ್ತದೆ.

"ನಿಮ್ ಭಾವಂಗೆ ಹೇಳ್ಬುಡಿ, ಮರೀಬ್ಯಾಡಿ," ಅಂದರು ಮೆಕ್ಯಾನಿಕ್.

"ಹೇಳ್ತೀನಿ ಭಾಯ್."

ಸ್ಪ್ರಿಂಗ್ ಪಟ್ಟಿಗಳು ಕೂರುವ ಕಬ್ಬಿಣದ ತುಂಡುಗಳನ್ನು ಕತ್ತರಿಸಿ ಹೊಸ ಜಾಗಕ್ಕೆ ಬೆಸುಗೆ ಹಾಕಿದರು. ಶಾಫ್ಟನ್ನು ಲೇತಿಗೆ ಕೊಟ್ಟು ಅಳತೆಗೆ ತಂದರು. ವಾಪಸು ಬರುವಾಗ ಮುಳ್ಳನ್ನು ಬೊಟ್ಟಿಗೆ ಸರಿಯಾಗಿ ನಿಲ್ಲಿಸಿ, ಫೋನು ತೆಗೆದು ಅದರ ಮ್ಯಾಪಿನಲ್ಲಿ ವೇಗ ನೋಡಿದೆ. ಫೋನು ನಲವತ್ತೆಂಟು ತೋರಿಸಿತು. ಊಳು ನಿಂತಿತ್ತು. ಗಾಡಿ ಎಣ್ಣೆ ಹಾಕಿದ ಹಾಗೆ ಹೋಗುತ್ತಿತ್ತು. ಊರು ಮುಟ್ಟುವವರೆಗೂ ಖುಷಿಯಾಗಿದ್ದೆ.

ಭಾವನಿಗೆ ಹೇಳಲಿಲ್ಲ. ಅವತ್ತು ಅವನು ನೋವಿನಲ್ಲಿದ್ದ, ನಾಳೆ ಹೇಳೋಣ ಅಂದುಕೊಂಡೆ. ಅವನು ಎದ್ದು ಓಡಾಡುವ ಹೊತ್ತಿಗೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವುದಕ್ಕೂ ಉತ್ತರ ಕೊಡಬೇಕಾಗಿತ್ತು. ಮಾತು ದಿನದಿಂದ ದಿನಕ್ಕೆ ಭಾರವಾಯಿತು.

ಅವನ ಖುಷಿ ನನ್ನನ್ನು ಇನ್ನೂ ಸಿಕ್ಕಿಸಿತು. ಒಂದು ದಿನ ಹೋಟೆಲಿನ ಬೆಂಚಿನ ಮೇಲೆ ಕೂತು ನಾಲ್ಕು ಜನರ ಎದುರಿಗೆ ನನ್ನ ಬೆನ್ನು ತಟ್ಟಿದ.

"ನಮ್ ಬಾಮೈದ ಹಾಕ್ಸಿರೋ ಆಕ್ಸಲ್ಲು ಕಣ್ರಲಾ. ನಾನು ಬೊಟ್ಟು ದಾಟಲ್ಲ, ನಿಮಗೆ ಗೊತ್ತಲ್ಲ. ಆದ್ರೂ ಈಗ ಬೇಗ ಮುಟ್ತೀನಿ. ಹೆಂಗೆ ಹೇಳಿ?"

"ಹೆಂಗಪ್ಪಾ?" ಅಂದ ಒಬ್ಬ.

"ಗೊರವನಹಳ್ಳಿ ಲಕ್ಷ್ಮಮ್ಮ ದಾರೀನೇ ಮಡಚಿ ಕೊಡ್ತಾವ್ಳೆ. ಮಾತಿಗೆ ತಪ್ಪದೋನಿಗೆ ಅಂಗೇ."

ಎಲ್ಲರೂ ನಕ್ಕರು. ಅವನು ಅರ್ಧ ತಮಾಷೆಗೆ ಹೇಳಿದ್ದ. ಇನ್ನರ್ಧ ತಮಾಷೆಯಾಗಿರಲಿಲ್ಲ. ನಾನು ಕಾಫಿ ಲೋಟದೊಳಗೆ ನೋಡುತ್ತ ಕೂತೆ.

ಆಮೇಲೆ ಒಂದು ಶುಕ್ರವಾರ ಗೊರವನಹಳ್ಳಿಗೆ ಹೊರಟೆವು. ಆಕ್ಸಲ್ ಬದಲಾದ ಮೇಲೆ ಅಕ್ಕ ಗಾಡಿ ಹತ್ತಿದ್ದು ಅದೇ ಮೊದಲು. ಭಾವ ಸ್ಟಿಯರಿಂಗಿನಲ್ಲಿ, ನಾನು ಮಧ್ಯ, ಅಕ್ಕ ಕಿಟಕಿ ಪಕ್ಕ. ಮುಳ್ಳು ಬೊಟ್ಟಿನ ಕೆಳಗೆ ಶಿಸ್ತಾಗಿ ನಿಂತಿತ್ತು. ಕೊರಟಗೆರೆ ಇನ್ನೂ ದೂರ ಇರುವಾಗ ಅಕ್ಕ ಅಂದಳು:

"ಆ ಹಸ್ರು ಬಸ್ಸು ಇವತ್ತು ನಮ್ಮನ್ನ ದಾಟ್ಲೇ ಇಲ್ವಲ್ಲ. ಯಾವಾಗ್ಲೂ ಕೆರೆ ಏರಿ ಮೇಲೆ ಹಾರ್ನ್ ಹೊಡ್ಕೊಂಡು ಹೋಗೋನು."

"ಅವನು ಲೇಟಿರಬೇಕು," ಅಂದ ಭಾವ. ಮುಖದಲ್ಲಿ ನಗು.

"ಜೋರಾಗಿ ಹೋಗ್ತಿದೀರಾ?"

"ಕಣ್ಣಿಲ್ವೇನೆ? ಬೊಟ್ಟು ನೋಡು."

ಅಕ್ಕ ಬೊಟ್ಟು ನೋಡಿದಳು. "ಹೂ, ಸರಿಯಾಗೇ ಐತೆ," ಅಂದಳು. ಆಗ ನಾನು ಅವಳ ಕೈ ನೋಡಿದೆ. ಮಡಚಿದ ಎಡಗೈ ಮಡಿಲು ಬಿಟ್ಟು, ಬಾಗಿಲ ಹತ್ತಿರದ ಕಂಬಿಯನ್ನು ಹಿಡಿದಿತ್ತು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಕೈ ಅಲ್ಲಿಗೆ ಹೋಗಿದ್ದು ಅವಳಿಗೆ ಗೊತ್ತೇ ಇರಲಿಲ್ಲ ಅಂತ ನನಗನ್ನಿಸಿತು. ಕಣ್ಣು ಮೀಟರನ್ನು ನಂಬಿತ್ತು. ಕೈ ನಂಬಿರಲಿಲ್ಲ. ಅಷ್ಟು ವರ್ಷ ಅವಳ ಪಕ್ಕ ಕೂತಿದ್ದೇನೆ, ಅವಳು ಆ ಕಂಬಿ ಹಿಡಿದದ್ದನ್ನು ನೋಡಿರಲಿಲ್ಲ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ, ಆದರೆ ಇದೊಂದನ್ನು ಯಾರ ಎದುರಿಗೆ ಬೇಕಾದರೂ ಹೇಳಬಲ್ಲೆ.

ಗುಡಿಯಲ್ಲಿ ಅವರಿಬ್ಬರೂ ಕಣ್ಣು ಮುಚ್ಚಿ ನಿಂತರು. ನಾನು ಚಪ್ಪಲಿ ಕಾಯುವ ನೆಪ ಮಾಡಿ ಹೊರಗೇ ಉಳಿದೆ. ಆಮೇಲೆ ಅಕ್ಕ ಬೆರಳಿಗೆ ಕುಂಕುಮ ಹಚ್ಚಿಕೊಂಡು ಭಾವನ ಜೊತೆ ಗಾಡಿಯ ಹತ್ತಿರ ಬಂದು, ಬಾಗಿಲು ತೆಗೆದು, ಮೀಟರಿನ ಕಡೆ ಬಗ್ಗಿದಳು.

"ಅಕ್ಕ, ಇಡಬ್ಯಾಡ."

"ಯಾಕ್ಲಾ?"

ಹೇಳಿದೆ. ಆಕ್ಸಲ್ಲು, ಸುತ್ತಿನ ಲೆಕ್ಕ, ಮೆಕ್ಯಾನಿಕ್ ಹೇಳು ಅಂದದ್ದು, ನಾನು ಹೇಳದೆ ಬಿಟ್ಟದ್ದು. ಫೋನಿನ ನಲವತ್ತೆಂಟನ್ನೂ ಹೇಳಿದೆ. ನಗುವಿನ ವಿಷಯ ಮಾತ್ರ ಹೇಳಲಿಲ್ಲ. ಅದು ಇಲ್ಲಿ ಮಾತ್ರ ಇದೆ.

ಅಕ್ಕ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಬೆರಳನ್ನು ಗಾಳಿಯಲ್ಲೇ ಹಿಡಿದು ಗಂಡನ ಕಡೆ ನೋಡಿದಳು. ಭಾವ ಗಾಡಿಯ ಹಿಂದಿನ ಚಕ್ರಕ್ಕೆ ಒರಗಿ ಕುಕ್ಕರುಗಾಲಲ್ಲಿ ಕೂತ. ಪಕ್ಕದಲ್ಲಿ ಬಸ್ಸಿನಿಂದ ಇಳಿದ ಹೆಂಗಸರು ತೆಂಗಿನಕಾಯಿ, ಹೂವು ಅಂತ ಗಲಾಟೆ ಮಾಡುತ್ತಿದ್ದರು.

"ಪಾವಗಡದ ತಿರುವಿನಲ್ಲೂ ಹೋಗಿದೀನಿ," ಅಂದ ಭಾವ. "ಕಂಬ ತುಂಬ್ಕೊಂಡು. ಬೊಟ್ಟು ನೋಡ್ಕೊಂಡು, ಧೈರ್ಯವಾಗಿ."

"ತಪ್ಪಾಯ್ತು ಭಾವ."

"ನಾನೇ ತಪ್ಪಿದ್ರೆ ಒಳಗೆ ಹೋಗಿ ತಪ್ಪಾಯ್ತು ಅಂತ ಅಡ್ಡಬೀಳ್ತಿದ್ದೆ ಕಣ್ಲಾ. ನಿನ್ನ ತಪ್ಪನ್ನ ನಾನು ಓಡಿಸ್ಕೊಂಡು ತಿರುಗ್ದೆ. ಈಗ ಒಳಗೆ ಹೋಗಿ ಏನಂತ ಹೇಳ್ಲಿ?"

 

ಅಕ್ಕ ಸೆರಗಿನ ತುದಿಗೆ ನೀರು ಹಾಕಿಕೊಂಡು ಗಾಜಿನ ಮೇಲಿನ ಹಳೆಯ ಬೊಟ್ಟನ್ನು ಒರೆಸಿದಳು. ವರ್ಷಗಟ್ಟಲೆ ಕೂತು ಬಣ್ಣ ಗಾಜಿಗೆ ಇಳಿದಿತ್ತು, ಪೂರ್ತಿ ಹೋಗಲಿಲ್ಲ. ಬೆರಳಲ್ಲಿದ್ದ ಕುಂಕುಮವನ್ನು ನನ್ನ ಅಂಗೈಗೆ ಒರೆಸಿ, "ಸರಿಯಾದ ಜಾಗ ಎಲ್ಲೈತೆ ಹುಡುಕು. ನೀನೇ ಇಡು," ಅಂದಳು.

ವಾಪಸು ಬರುವಾಗ ನಾನು ಫೋನು ನೋಡುತ್ತ ಕೂಗುತ್ತಿದ್ದೆ: ಮೂವತ್ತಾರು, ಮೂವತ್ತೆಂಟು, ನಲವತ್ತು, ಇಲ್ಲೇ ಹಿಡ್ಕೋ ಭಾವ. ಮುಳ್ಳು ಮೂವತ್ತು ದಾಟಿ ಸ್ವಲ್ಪ ದೂರದಲ್ಲಿ ನಿಂತಿತು. ಅಂಗೈಯ ಕುಂಕುಮಕ್ಕೆ ಬೆರಳು ಒತ್ತಿ ಚಾಚಿದೆ. ಗಾಡಿ ಗುಂಡಿಗೆ ಇಳಿದು ಕುಲುಕಿತು. ಬೊಟ್ಟಾಗಬೇಕಾದದ್ದು ಗೀರಾಯಿತು, ಎರಡು ಅಂಕಿಗಳ ಮಧ್ಯೆ ಓರೆಯಾಗಿ ಎಳೆದ ಹಾಗೆ. ಸರಿಮಾಡಲು ಹೋದೆ.

"ಬುಡು, ಇರ್ಲಿ," ಅಂದ ಭಾವ. ಕಾಲು ಸಡಿಲಿಸಿದ. ಮುಳ್ಳು ಆ ಗೀರಿಗಿಂತಲೂ ಕೆಳಗೆ, ಇಪ್ಪತ್ತಕ್ಕೂ ಕೆಳಗೆ ಇಳಿಯಿತು. ಫೋನಿನ ಅಂಕಿಯನ್ನು ಅವನು ಕೇಳಲಿಲ್ಲ, ನಾನು ಓದಲಿಲ್ಲ. ಹಿಂದಿನಿಂದ ಒಂದು ಬಸ್ಸು ಹಾರ್ನ್ ಹೊಡೆಯುತ್ತ ಬಂದು, ಪಕ್ಕಕ್ಕೆ ಸರಿದು, ಮುಂದೆ ಹೋಯಿತು. ಕ್ಲೀನರ್ ಏನೋ ಕೂಗಿದ. ಭಾವ ಕೈ ಎತ್ತಲಿಲ್ಲ.

ನಾನು ವಾರೆಗಣ್ಣಿನಲ್ಲಿ ಅಕ್ಕನನ್ನು ನೋಡಿದೆ. ಗಾಡಿ ಸೈಕಲ್ಲಿನಷ್ಟು ನಿಧಾನಕ್ಕೆ ಹೋಗುತ್ತಿತ್ತು. ಅವಳ ಕೈ ಕಂಬಿಯ ಮೇಲೇ ಇತ್ತು.