ಹಸೀನಾಬಿಯ ಲೇತಿಗೆ ಚೀಟಿ ನಡೆಯುವುದಿಲ್ಲ

ಬೆಳಗಿನ ಐದೂವರೆ. ಗದಗಕ್ಕೆ ಅಂಟಿಕೊಂಡ ಬೆಟಗೇರಿಯ ಈ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಏಳುವುದು ಹಸೀನಾಬಿಯ ಲೇತು. ತಗಡಿನ ಬಾಗಿಲು ಅರ್ಧ ತೆರೆದಿದೆ. ಒಳಗೆ ಮರದ ಚೌಕಟ್ಟಿನಲ್ಲಿ ನೀಲಿ ಬಣ್ಣದ ಬೌಲಿಂಗ್ ಚೆಂಡೊಂದು ಅಲುಗದಂತೆ ಕೂತಿದೆ. ಐವತ್ತಾರು ವರ್ಷದ ಹಸೀನಾಬಿ ಸೆರಗನ್ನು ಸೊಂಟಕ್ಕೆ ಬಿಗಿದು, ಚೆಂಡಿನ ಹತ್ತಿರ ಕಿವಿ ತಂದು, ಡ್ರಿಲ್ಲಿನ ಹಿಡಿಕೆಯನ್ನು ಕೂದಲೆಳೆಯಷ್ಟು ಇಳಿಸುತ್ತಾರೆ. ಸ್ವಲ್ಪ ಕೊರೆಯುವುದು, ಎತ್ತುವುದು, ಪುಡಿ ಊದುವುದು, ಬೆರಳಿಟ್ಟು ಬಿಸಿ ನೋಡುವುದು. ಮತ್ತೆ ಕೊರೆಯುವುದು.

"ಇದು ಯುರೆಥೇನ್ ರೀ, ಒಂಥರಾ ಗಟ್ಟಿ ಪ್ಲಾಸ್ಟಿಕ್. ಕಬ್ಬಿಣನೂ ಅಲ್ಲ, ಕಟ್ಟಿಗಿನೂ ಅಲ್ಲ. ಅವಸರ ಮಾಡಿದರ ಬಿಸಿಯಾಗಿ ಮೆತ್ತಗ ಆಗತೈತಿ, ತೂತು ದೊಡ್ಡದಾಗತೈತಿ. ಸಿಟ್ಟ ಬಂದ ದಿನ ನಾ ಚೆಂಡ ಮುಟ್ಟಂಗಿಲ್ಲ. ಅವತ್ತ ಬರೇ ಕಸಾ ಹೊಡಿತೀನಿ," ಎನ್ನುತ್ತಾರೆ.

ಅವರ ಬೆನ್ನ ಹಿಂದಿನ ಗೂಡಿನಲ್ಲಿ ಇನ್ನೊಂದು ಚೆಂಡಿದೆ. ಕಪ್ಪು, ಹೊಚ್ಚ ಹೊಸದು, ಒಂದೂ ತೂತಿಲ್ಲ. ಅದಕ್ಕೊಂದು ಚೀಟಿ ಅಂಟಿಸಿದೆ. ಹದಿನೈದು ದಿನದಿಂದ ಅದು ಅಲ್ಲೇ ಕೂತಿದೆ. ಯಾಕೆ ಎಂದರೆ, "ಅದರ ಕೈ ಇನ್ನಾ ಬಂದಿಲ್ಲ," ಎಂಬ ಉತ್ತರ ಬರುತ್ತದೆ.

ಗದಗದಲ್ಲಿ ಬೌಲಿಂಗ್ ಆಡುತ್ತಾರೆಯೇ ಎಂದು ಮೂಗು ಮುರಿಯುವವರು ಹುಬ್ಬಳ್ಳಿ ರಸ್ತೆಗೆ ಹೋಗಿ ನೋಡಲಿ. ಆರು ವರ್ಷದ ಹಿಂದೆ ಅಲ್ಲೊಂದು ಆಟದ ಕೇಂದ್ರ ತೆರೆಯಿತು. ನಾಲ್ಕು ಲೇನುಗಳಿವೆ. ಲೇನ್ ಅಂದರೆ ಅರವತ್ತು ಅಡಿ ಉದ್ದದ ನುಣುಪಾದ ಹಲಗೆಯ ಹಾದಿ. ಅದರ ತುದಿಯಲ್ಲಿ ಬಾಟಲಿಯಾಕಾರದ ಹತ್ತು ಪಿನ್ನು ನಿಲ್ಲಿಸಿರುತ್ತಾರೆ, ಚೆಂಡು ಉರುಳಿಸಿ ಬೀಳಿಸಬೇಕು. ಅಂಥ ಚೆಂಡಿಗೆ ಆಡುವವರ ಬೆರಳಿಗೆ ಹೊಂದುವ ಮೂರು ತೂತು ಬೇಕು. ಆ ತೂತು ಕೊರೆಯುವ ಕೆಲಸ ದೊಡ್ಡ ಊರಿನ ಹವಾನಿಯಂತ್ರಿತ ಅಂಗಡಿಯಲ್ಲಿ ಮಾತ್ರ ಆಗುತ್ತದೆ ಎಂದು ತಿಳಿದವರೇ ಹೆಚ್ಚು. ಬೆಟಗೇರಿಯ ಲೇತಿನಲ್ಲಿ ಕೊರೆದ ಚೆಂಡನ್ನೂ ಚೆಂಡೆಂದು ಒಪ್ಪಬೇಕು ಎಂಬುದು ಹಸೀನಾಬಿಯ ಹಟ.

ಈ ಲೇತು ಅವರ ತಂದೆ ಫಕ್ರುಸಾಬರದು. ಮಗ್ಗದಲ್ಲಿ ಅಡ್ಡನೂಲು ಒಯ್ಯುವ ಲಾಳಿ ಮಾಡುವುದರಲ್ಲಿ ಬೆಟಗೇರಿಯಲ್ಲಿ ಅವರದೇ ಕೈ. ಲಾಳಿಯ ಒಂದು ಮಗ್ಗುಲು ತೂಕ ಹೆಚ್ಚಾದರೆ ಅದು ಹಾದಿ ಬಿಟ್ಟು ಹಾರುತ್ತದೆ. ಹಗುರಾದ ಕಡೆ ತೂತು ಕೊರೆದು ಸೀಸ ತುಂಬಿ ಸರಿತೂಗಿಸುವುದನ್ನು ಹಸೀನಾಬಿ ಹನ್ನೆರಡನೇ ವಯಸ್ಸಿಗೇ ಕಲಿತರು. ಆಗ ದಿನಕ್ಕೆ ನಲವತ್ತು ಲಾಳಿ ಹೊರಬೀಳುತ್ತಿದ್ದವು. ಈಗ ತಿಂಗಳಿಗೆ ನಾಲ್ಕು. ಮಗ್ಗಗಳು ಒಂದೊಂದಾಗಿ ಅಟ್ಟ ಏರಿದ ಮೇಲೆ ಲಾಳಿ ಯಾರಿಗೆ ಬೇಕು? ಲೇತನ್ನು ಗುಜರಿಗೆ ಹಾಕು ಎಂದು ಬುದ್ಧಿ ಹೇಳಿದವರಿಗೆ ಲೆಕ್ಕವಿಲ್ಲ. ಒಬ್ಬರ ಮಾತನ್ನೂ ಅವರು ಕೇಳಲಿಲ್ಲ.

ಆಟದ ಕೇಂದ್ರದ ಮೆಕ್ಯಾನಿಕ್ ಯಲ್ಲೇಶ ಒಂದು ದಿನ ತೂತಿನ ಅಂಚು ಒಡೆದ ಚೆಂಡು ತಂದ. ಆಡುವವರ ಬೆರಳು ಕೊಯ್ಯುತ್ತಿದೆ, ಸ್ವಲ್ಪ ಉಜ್ಜಿ ಕೊಡಿ ಅಂದ. ಅಲ್ಲಿಂದ ಶುರು. ಅವನ ಫೋನಿನಲ್ಲಿ ವಿಡಿಯೋ ನೋಡಿ, ಹಾಳಾದ ಚೆಂಡುಗಳನ್ನು ಕೊರೆದು ನೋಡಿ, ಎರಡು ವರ್ಷ ಕೈ ಪಳಗಿಸಿಕೊಂಡರು. ಇದುವರೆಗೆ ಕೊರೆದದ್ದು ಮೂವತ್ನಾಲ್ಕು ಚೆಂಡು, ನೂರಾ ಎರಡು ತೂತು.

"ನೂರಾ ಐದು," ಎಂದು ಬಾಗಿಲಲ್ಲಿ ನಿಂತ ಯಲ್ಲೇಶ ತಿದ್ದುತ್ತಾನೆ. "ಕಲ್ಪನಾನ ಚೆಂಡಿಗೆ ಎರಡ ಸಲ ಹೊಡದೀರಿ."

"ನಿನ್ನ ಬಾಯಿಗೆ ಒಂದ ತೂತು ಹೆಚ್ಚಾಗೇತಿ, ಅದನ್ನೂ ಸೇರಸು ಲೇ."

ಕಲ್ಪನಾ ಇದೇ ಓಣಿಯ ನೇಕಾರರ ಮನೆಯ ಹುಡುಗಿ. ವಯಸ್ಸು ಇಪ್ಪತ್ಮೂರು. ಹಗಲು ಮಗ್ಗ, ಸಂಜೆ ಬೌಲಿಂಗ್. ರಾಜ್ಯ ತಂಡದ ಆಯ್ಕೆ ಪಂದ್ಯ ಗದಗದಲ್ಲೇ ನಡೆಯುತ್ತದೆ ಎಂದು ಗೊತ್ತಾದಾಗ ಸ್ವಂತ ಚೆಂಡು ಬೇಕೆಂದು ಹಸೀನಾಬಿಯನ್ನು ಹುಬ್ಬಳ್ಳಿಯ ಅಂಗಡಿಗೆ ಕರೆದೊಯ್ದಳು. ಅವಳ ಕಣ್ಣು ಬಿದ್ದದ್ದು ಬೆಂಕಿಯಂತೆ ಮಿನುಗುವ, ರೆಸಿನ್ ಎಂಬ ರಾಳದ ಹೊದಿಕೆಯ ಚೆಂಡಿನ ಮೇಲೆ. ಹಸೀನಾಬಿ ಅದನ್ನೂ ಪಕ್ಕದ ಯುರೆಥೇನ್ ಚೆಂಡನ್ನೂ ಎತ್ತಿ ಕೆನ್ನೆಗೆ ಒತ್ತಿ ನೋಡಿದರು. ಲಾಳಿಯ ನುಣುಪು ನೋಡುವುದೂ ಹಾಗೆಯೇ, ಕೈಯಿಂದಲ್ಲ, ಕೆನ್ನೆಯಿಂದ. ರೆಸಿನ್ ಕೆನ್ನೆಗೆ ಅಂಟಿತು. ಯುರೆಥೇನ್ ಜಾರಿತು.

"ಆ ರೆಸಿನ್ ಎಣ್ಣಿ ಹಚ್ಚಿದ ಲೇನಿಗೆ ಆತು. ನಮ್ಮಲ್ಲಿ ಎಣ್ಣಿ ಎಲ್ಲೈತಿ?" ಎಂದು ಕೇಳಿ ಯುರೆಥೇನ್ ಚೆಂಡನ್ನೇ ಕೊಳ್ಳಿಸಿದರಂತೆ.

ಮಾತು ಖರೆ. ಲೇನಿನ ಮುಂದಿನ ಭಾಗಕ್ಕೆ ಎಣ್ಣೆ ಹಚ್ಚುವುದು ಪದ್ಧತಿ. ಗದಗದ ಕೇಂದ್ರದಲ್ಲಿ ಎಣ್ಣೆ ಹಚ್ಚುವ ಯಂತ್ರ ಕೆಟ್ಟು ವರ್ಷ ಕಳೆದಿದೆ. ಹಲಗೆ ಒಣಗಿ ಕೊರಡಾಗಿದೆ. ಒಣ ಹಲಗೆಯ ಮೇಲೆ ರೆಸಿನ್ ಚೆಂಡು ಗಬಕ್ಕನೆ ಕಚ್ಚಿ, ಥಟ್ಟನೆ ತಿರುಗಿ, ಪಿನ್ನುಗಳನ್ನು ಬಿಟ್ಟು ಲೇನಿನ ಪಕ್ಕದ ತಗ್ಗಿಗೆ, ಅಂದರೆ ಗಟಾರಕ್ಕೆ ಹೋಗುತ್ತದೆ. ಯುರೆಥೇನ್ ಹಾಗಲ್ಲ. ಅದು ಮೊದಲಿನಿಂದಲೇ ನಿಧಾನವಾಗಿ, ಒಂದೇ ಸಮನೆ ಬಾಗುತ್ತದೆ. ಎಲ್ಲಿಗೆ ಹೋಗುತ್ತದೆ ಎಂದು ಮುಂಚೆಯೇ ಹೇಳಬಹುದು. ಅದರ ಹೊಳಪನ್ನು ಮಾತ್ರ ಉಜ್ಜಿ ತೆಗೆಯಬಾರದು. ಒರಟಾದರೆ ಅದೂ ಕಚ್ಚುತ್ತದೆ.

ಚೆಂಡಿನೊಳಗೆ ಒಂದು ಭಾರದ ಗಡ್ಡೆ ಇರುತ್ತದೆ. ಅದು ಎಲ್ಲಿದೆ ಎಂದು ಚೆಂಡಿನ ಮೇಲೆ ಕಂಪನಿಯವರು ಹಾಕಿದ ಚುಕ್ಕೆ ತೋರಿಸುತ್ತದೆ. ಕಲ್ಪನಾ ಎಸೆದಾಗ ಚೆಂಡು ಯಾವ ಬಿಂದುವಿನ ಸುತ್ತ ತಿರುಗುತ್ತದೆ ಎಂದು ಹಿಡಿಯಲು ಹಸೀನಾಬಿ ಕೇಂದ್ರದ ಹಳೆಯ ಚೆಂಡಿನ ತುಂಬ ಸುಣ್ಣದ ಚುಕ್ಕೆ ಇಟ್ಟು ಇಪ್ಪತ್ತು ಸಲ ಎಸೆಸಿದರು. ಅಲುಗದೆ ನಿಂತ ಚುಕ್ಕೆಯೇ ಆ ಬಿಂದು. ಹೊಸ ಚೆಂಡಿನ ಗಡ್ಡೆ ಆ ಬಿಂದುವಿನ ಸಮೀಪ ಬರುವಂತೆ ತೂತಿನ ಜಾಗ ಗುರುತಿಸಿದರು. "ಬುಗುರಿ ನೆಟ್ಟಗ ನಿಂತು ತಿರಗತೈತಲ್ರಿ, ಹಂಗ. ಓಲಾಡಂಗಿಲ್ಲ, ಕಚ್ಚಂಗಿಲ್ಲ."

ಇಷ್ಟೆಲ್ಲ ಸರಿ ಮಾಡಿ ಅವರು ತಪ್ಪಿದ್ದು ಅಳತೆಯಲ್ಲಿ. ಮಗ್ಗದ ಓಣಿಯಲ್ಲಿ ಟೇಪು ಯಾರಿಗೆ ಬೇಕು, ನೂಲೇ ಅಳತೆ. ಕಲ್ಪನಾಳ ಹೆಬ್ಬೆರಳಿನಿಂದ ಬೆರಳುಗಳವರೆಗಿನ ಅಂತರವನ್ನು ಹಸೀನಾಬಿ ನೂಲಿನಿಂದ ತೆಗೆದರು. ಅದು ಗಂಜಿ ಕಾಣದ ಹಸಿ ನೂಲು. ಕೈಯ ಮೇಲೆ ಹಗುರವಾಗಿ ಇಟ್ಟದ್ದನ್ನು ಚೆಂಡಿನ ಮೇಲೆ ಎಳೆದು ಹಿಡಿದಾಗ ಕಾಲಿಂಚು ಹಿಗ್ಗಿತು. ಮೊದಲ ದಿನವೇ ಕಲ್ಪನಾಳ ಹೆಬ್ಬೆರಳಿನ ಚರ್ಮ ಕಿತ್ತುಬಂತು. ಅವಳ ತಾಯಿ ಬನಶಂಕರೆವ್ವ ಬಾಗಿಲಿಗೆ ಬಂದು ನಿಂತು, "ಏನ ಹಸೀನವ್ವಾ, ನನ್ನ ಮಗಳದು ದೆವ್ವದ ಕೈ ಅಂತ ತಿಳಕೊಂಡಿ ಏನ? ಹುಟ್ಟಿದಾಗಿಂದ ನೂಲಿನಾಗ ಇದ್ದಾಕಿ, ಹಸಿ ನೂಲು ಹಿಗ್ಗತೈತಿ ಅನ್ನೂದು ತಿಳಿಲಿಲ್ಲ?" ಎಂದು ಇಡೀ ಓಣಿಗೆ ಕೇಳುವಂತೆ ಕೇಳಿದರು.

"ಬೈದದ್ದು ಬರೋಬರಿ ಇತ್ತು," ಎಂದು ಹಸೀನಾಬಿ ನಗುತ್ತಾರೆ. ತೂತುಗಳಿಗೆ ಅಂಟು ತುಂಬಿ, ಒಣಗಲು ಬಿಟ್ಟು, ಮತ್ತೆ ಕೊರೆದರು. ಈ ಸಲ ಗಂಜಿಯಲ್ಲಿ ಅದ್ದಿ ಒಣಗಿಸಿದ, ಕಡ್ಡಿಯಂತೆ ನಿಲ್ಲುವ ನೂಲು. ಬೆಳಿಗ್ಗೆ ಒಮ್ಮೆ, ಮಗ್ಗ ಬಿಟ್ಟ ಮೇಲೆ ಸಂಜೆ ಒಮ್ಮೆ ಅಳತೆ ತೆಗೆದರು. ದಿನವಿಡೀ ದುಡಿದ ಬೆರಳು ಸಂಜೆಗೆ ಬಾತುಕೊಳ್ಳುತ್ತದೆ. ಆಡುವುದು ಸಂಜೆಯ ಕೈ. ಅಂದಿನಿಂದ ಈ ಅಂಗಡಿಗೆ ಒಂದೇ ಕಾನೂನು: ಕೈ ಬರಬೇಕು, ಎರಡು ಹೊತ್ತು ಬರಬೇಕು. ಫೋಟೊ, ಫೋನು, ಚೀಟಿ ಯಾವುದೂ ನಡೆಯುವುದಿಲ್ಲ.

ಕಳೆದ ತಿಂಗಳು ಆಯ್ಕೆಯ ದಿನ ಚೆಂಡುಗಳ ತಪಾಸಣೆ. ಬೆಂಗಳೂರಿನಿಂದ ಬಂದ ಅಧಿಕಾರಿ ಕಲ್ಪನಾಳ ಚೆಂಡಿನ ಮೇಲೆ ಮುಚ್ಚಿದ ತೂತುಗಳ ಕಲೆ ನೋಡಿ, ಎಲ್ಲಿ ಕೊರೆಸಿದ್ದು ಎಂದು ಕೇಳಿದರು. ಬೆಟಗೇರಿಯ ಲೇತಿನಲ್ಲಿ ಎಂದ ಕೂಡಲೇ ಚೆಂಡನ್ನು ಪಕ್ಕಕ್ಕೆ ಸರಿಸಿದರು. ತೂಗಲೂ ಇಲ್ಲ! ಕಲ್ಪನಾ ಅಳುತ್ತ ಫೋನ್ ಮಾಡಿದಳು. ಹಸೀನಾಬಿ ಯಲ್ಲೇಶನ ಬೈಕ್ ಹತ್ತಿ, ಲೇತಿನ ಮಸಿ ಮೆತ್ತಿದ ಕೈಯಲ್ಲೇ ಹೋಗಿ ಮೇಜಿನ ಮುಂದೆ ನಿಂತರು.

"ಲಾಳಿ ಮಾಡಿದಷ್ಟು ಸುಲಭ ಅಲ್ಲಮ್ಮ ಇದು," ಎಂದರಂತೆ ಅಧಿಕಾರಿ.

"ಲಾಳಿ ತಪ್ಪಿದರ ನೇಕಾರನ ಕಣ್ಣ ಹೋಗತಿತ್ರಿ ಸಾಹೇಬರ. ನಿಮ್ಮ ಚೆಂಡ ತಪ್ಪಿದರ ಏನ್ ಹೋಗತೈತಿ? ನಾಕ ಪಿನ್ನು. ನನ್ನ ಮಾರಿ ನೋಡಬ್ಯಾಡ್ರಿ. ತಕ್ಕಡಿ ನೋಡ್ರಿ."

ಹಾಲ್ ತುಂಬ ಜನ. ತೂಗದೆ ವಿಧಿ ಇರಲಿಲ್ಲ. ನಿಯಮದ ಪ್ರಕಾರ ಚೆಂಡಿನ ಎದುರುಬದುರು ಮಗ್ಗುಲಿನ ತೂಕದಲ್ಲಿ ಮೂರು ಔನ್ಸ್‌ವರೆಗೆ ವ್ಯತ್ಯಾಸ ಇರಬಹುದು. ಕಲ್ಪನಾಳ ಚೆಂಡಿನಲ್ಲಿ ಇದ್ದದ್ದು ಅರ್ಧ ಔನ್ಸ್. ಅಧಿಕಾರಿ ಮತ್ತೊಮ್ಮೆ ತೂಗಿದರು. ಅಷ್ಟೇ ಬಂತು. ಚೆಂಡು ಲೇನಿಗಿಳಿಯಿತು. ಹೊರ ಊರಿನವರ ಮಿನುಗುವ ಚೆಂಡುಗಳು ಒಣ ಹಲಗೆ ಕಚ್ಚಿ ಗಟಾರ ಸೇರುತ್ತಿದ್ದಾಗ ಕಲ್ಪನಾಳ ಯುರೆಥೇನ್ ಹೇಳಿದ ಮಾತು ಕೇಳಿತು. ಇಪ್ಪತ್ತೆರಡು ಜನರಲ್ಲಿ ಮೂರನೆಯವಳಾಗಿ ಅವಳು ತಂಡಕ್ಕೆ ಆಯ್ಕೆಯಾದಳು. ತಪಾಸಣೆಯ ಅಧಿಕಾರಿ ಕ್ಷಮೆ ಕೇಳಲಿಲ್ಲ. ಅಂಥವರು ಕೇಳುವುದಿಲ್ಲ.

ಆದರೆ ಒಂದು ವಾರದ ಮೇಲೆ ಯಲ್ಲೇಶನ ಹೆಸರಿಗೆ ಬೆಂಗಳೂರಿನಿಂದ ಪಾರ್ಸಲ್ ಬಂತು. ಒಳಗೆ ಒಂದು ಕಪ್ಪು ಯುರೆಥೇನ್ ಚೆಂಡು, ಅದೇ ಅಧಿಕಾರಿ ತಮ್ಮ ಬೆರಳಿನ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದು ಸಹಿ ಹಾಕಿದ ಚೀಟಿ. ಗೂಡಿನಲ್ಲಿ ಕೂತ ಚೆಂಡು ಅದೇ.

"ದೊಡ್ಡ ಮನಷ್ಯಾ ರೀ, ಒಂದ ಸಲ ಹೊಡದ ಕೊಟ್ಟ ಬಿಡ್ರಿ," ಎಂದು ಯಲ್ಲೇಶ ಇವತ್ತೂ ಗೋಗರೆಯುತ್ತಾನೆ.

ಹಸೀನಾಬಿ ನೀಲಿ ಚೆಂಡಿನ ಮೂರನೇ ತೂತು ಮುಗಿಸಿ, ಅಂಚನ್ನು ಉಜ್ಜಿ, ತಮ್ಮ ಹೆಬ್ಬೆರಳು ಇಳಿಸಿ ನೋಡುತ್ತಾರೆ. ಆಮೇಲೆ ಹಿಂದೆ ತಿರುಗಿ ಕಪ್ಪು ಚೆಂಡಿನ ಮೇಲಿನ ಧೂಳು ಸೆರಗಿನಿಂದ ಒರೆಸುತ್ತಾರೆ. ದಿನಾ ಒರೆಸುತ್ತಾರೆ.

"ಚೆಂಡ ಜೋಪಾನ ಐತಿ ಅಂತ ಹೇಳು. ಗಂಜಿ ನೂಲೂ ತಯಾರ ಐತಿ. ಬೆಟಗೇರಿಗೆ ಬರಾಕ ಹೇಳು, ಮುಂಜಾನಿ ಒಮ್ಮೆ, ಸಂಜಿಕ ಒಮ್ಮೆ ನನ್ನ ಮುಂದ ಕೈ ಚಾಚಾಕ ಹೇಳು. ಮಧ್ಯಾಹ್ನ ಊಟ ನಮ್ಮ ಮನ್ಯಾಗ."