ನಂಬರ್ ಪ್ಲೇಟ್ ಕಿತ್ತು ತಮಟೆ ಕಟ್ಟಿದರು

ಹೊಲದಲ್ಲಿ ಹಾಡಿಕೊಂಡಿದ್ದ ಹಳ್ಳಿ ಹುಡುಗರನ್ನು ಸಿಟಿಯ ಪ್ರೊಡ್ಯೂಸರ್ ಒಬ್ಬರು ಹುಡುಕಿ ತೆಗೆದರಂತೆ. ಅವರ ಒರಟು ಹಾಡಿಗೆ ಮಣ್ಣಿನ ಸೊಗಡು ತುಂಬಿ ಆಲ್ಬಮ್ ಮಾಡಿದರಂತೆ. ‘ಸೆಕೆಂಡ್ ಶಿಫ್ಟ್’ ಎಂಬ ರ‍್ಯಾಪ್ ತಂಡದ ಬಗ್ಗೆ ಈ ವಾರ ಎಲ್ಲರೂ ಫಾರ್ವರ್ಡ್ ಮಾಡುತ್ತಿರುವ ಕಥೆ ಇದೇ.

ಯಾವ ಹೊಲ ಸ್ವಾಮಿ?

ತಂಡದಲ್ಲಿರುವುದೇ ಇಬ್ಬರು. ಹಾಡುವವನು ಮಧು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಅವನ ಕಂಪನಿ ಬಸ್ಸು ನಿಲ್ಲುವ ಕಡೆ ಹೊಲ ಇಲ್ಲ, ಬೇಕರಿ ಇದೆ. ಬೀಟ್ ಮಾಡುವವನು ನಯಾಜ್. ದೇವನಹಳ್ಳಿಯಲ್ಲಿ ಅವರಪ್ಪನದು ಕಾರ್ ಡೆಕೋರ್ ಅಂಗಡಿ: ಸೀಟ್ ಕವರ್, ಸ್ಟೀರಿಯೋ, ಡಿಕ್ಕಿಯೊಳಗೆ ವೂಫರ್. ಪಿಯುಸಿಯಲ್ಲಿ ನಾವು ಮೂವರೂ ಒಂದೇ ಕ್ಲಾಸು. ಹಾಗಾಗಿ ಈ ಆಲ್ಬಮ್ ಹುಟ್ಟಿದ ಜಾಗ ನನಗೆ ಚೆನ್ನಾಗಿ ಗೊತ್ತು. ಏರ್‌ಪೋರ್ಟಿಗೆ ಓಡುವ ಕ್ಯಾಬಿನ ಹಿಂದಿನ ಸೀಟು.

ಅಮೆರಿಕದ ದಕ್ಷಿಣದ ಊರುಗಳ ರ‍್ಯಾಪ್ ಕೇಳಿದ್ದೀರಾ? ಬೀಟ್ ನಿಧಾನ, ಬೇಸ್ ಭಾರ. ದೊಡ್ಡ ನಗರದವರು ಅವರನ್ನು ಗಮಾರರು ಅಂತ ಆಡಿಕೊಂಡರು. ಅವರು ಕ್ಯಾರೇ ಅನ್ನದೆ, ಡಿಕ್ಕಿ ತುಂಬ ಸ್ಪೀಕರ್ ಇಟ್ಟುಕೊಂಡು ಸುತ್ತುವ ತಮ್ಮ ಜನಕ್ಕೆ ಬೇಕಾದ ಹಾಗೆ ಹಾಡು ಮಾಡಿಕೊಂಡರು. ನಯಾಜ್ ಹಿಡಿದದ್ದು ಈ ಎಳೆಯನ್ನು.

‘ನಮ್ಮೋರೂ ಕಾರಲ್ಲೇ ಅಲ್ವೇನೇ ಬದುಕ್ತಿರೋದು? ಊಟ ಕಾರಲ್ಲಿ, ನಿದ್ದೆ ಕಾರಲ್ಲಿ, ಹೆಂಡ್ತಿ ಜೊತೆ ಜಗಳನೂ ಕಾರಲ್ಲೇ, ಫೋನಲ್ಲಿ. ನಾನ್ಯಾಕೆ ಇಯರ್‌ಫೋನಿಗೆ ಹಾಡು ಮಾಡ್ಲಿ?’ ಅಂದಿದ್ದ.

ವೂಫರ್ ಹಾಕಿಸಲು ಬಂದ ಪ್ರತಿ ಕ್ಯಾಬಿನಲ್ಲೂ ಹಾಡು ಹಾಕಿ ನೋಡುತ್ತಿದ್ದ. ಡ್ರೈವರ್ ಮುಖ ಸಿಂಡರಿಸಿದರೆ ಮತ್ತೆ ಲ್ಯಾಪ್‌ಟಾಪ್ ಮುಂದೆ. ಒಬ್ಬರು, ‘ಏನಪ್ಪಾ, ಇದ್ರಲ್ಲಿ ನಿದ್ದೇನೂ ಬರಲ್ಲ, ತಲೆನೋವೂ ಬರಲ್ಲ. ಹಿಂಗೇ ಬಿಟ್ಬಿಡು’ ಅಂದರು. ಬಿಟ್ಟ. ಅದೇ ಫೈನಲ್ ಮಿಕ್ಸ್.

ಇನ್ನೊಂದು ವಿಷಯ. ಬೇಸ್ ಜೋರಾದಾಗ ಕಾರಿನ ಹಿಂದಿನ ನಂಬರ್ ಪ್ಲೇಟ್ ‘ಟರ್ರ್’ ಅನ್ನುತ್ತದೆ. ಉಳಿದ ಅಂಗಡಿಯವರು ಅದಕ್ಕೆ ರಬ್ಬರ್ ಕೊಟ್ಟು ಬಾಯಿ ಮುಚ್ಚಿಸುತ್ತಾರೆ. ನಯಾಜ್ ಸ್ಕ್ರೂ ಇನ್ನಷ್ಟು ಸಡಿಲ ಮಾಡಿ, ಆ ಸದ್ದನ್ನು ಫೋನಲ್ಲಿ ರೆಕಾರ್ಡ್ ಮಾಡಿಕೊಂಡ. ಆಲ್ಬಮ್ಮಿನ ಉದ್ದಕ್ಕೂ ಬೇಸ್ ಬಿದ್ದ ಬೆನ್ನಿಗೇ ಅದು ಬರುತ್ತದೆ. ಕುಂದಾಣದ ಡ್ರೈವರ್ ಒಬ್ಬರು ಹಾಡು ಕೇಳುತ್ತಾ ಗಾಡಿ ಸೈಡಿಗೆ ಹಾಕಿ, ಇಳಿದು, ನಂಬರ್ ಪ್ಲೇಟ್ ಟೈಟ್ ಮಾಡಲು ಹೋದರು. ಟೈಟಾಗೇ ಇತ್ತು. ಮತ್ತೆ ಹಾಡು ಹಾಕಿದರೆ ಮತ್ತೆ ಟರ್ರ್. ಫೋನ್ ಮಾಡಿ ಬೈದರಂತೆ: ‘ಲೇ, ನನ್ ಗಾಡೀನೇ ಹಾಡೊಳಗೆ ಹಾಕ್ಬಿಟ್ಟಿದ್ದೀಯಲ್ಲೋ!’

ಆ ಬೈಗುಳವನ್ನು ನಯಾಜ್ ಪ್ರಶಸ್ತಿ ಬಂದವನ ಹಾಗೆ ಹೇಳಿಕೊಂಡು ತಿರುಗಿದ.

ಇಂಥ ಆಲ್ಬಮ್ಮನ್ನು ಬೆಂಗಳೂರಿನ ಮ್ಯೂಸಿಕ್ ಕಂಪನಿಯೊಂದು ಕೊಂಡುಕೊಂಡಿತು. ಇಬ್ಬರೂ ಸಹಿ ಹಾಕಿದರು. ಕಳೆದ ಭಾನುವಾರ ಬೆಂಗಳೂರಿನಲ್ಲಿ ಬಿಡುಗಡೆ. ನಯಾಜ್ ಹೊಸ ಶರ್ಟ್ ಹಾಕಿಕೊಂಡು ನನ್ನ ಪಕ್ಕ ಕೂತಿದ್ದ. ವೇದಿಕೆಯ ಮೇಲೆ ಹುಲ್ಲಿನ ಮೆದೆ, ಗಾಡಿ ಚಕ್ರ. ಮಧುವಿನ ಹೆಗಲ ಮೇಲೆ ಕಂಬಳಿ. (ಹಾಲ್‌ನಲ್ಲಿ ಎಸಿ ಜೋರಾಗಿತ್ತು, ನಿಜ. ಆದರೂ.)

ಹಾಡು ಶುರುವಾಯಿತು. ಬೇಸ್ ಎಲ್ಲಿ? ತಮಟೆ ಬಂತು. ಹಸುವಿನ ಕೊರಳ ಗಂಟೆ ಬಂತು. ನಯಾಜ್ ಮುಂದಕ್ಕೆ ಬಾಗಿ ತನ್ನ ಟರ್ರ್‌ಗೆ ಕಾಯುತ್ತಿದ್ದ. ಬರಲಿಲ್ಲ. ಎರಡನೇ ಹಾಡಿನಲ್ಲೂ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, ‘ಇಲ್ಲಿ ಸ್ಪೀಕರ್ ಸರಿ ಇಲ್ಲ ಅನ್ಸುತ್ತೆ’ ಅಂದ.

ನನಗೆ ಉರಿದುಹೋಯಿತು. ಕಾರ್ಯಕ್ರಮ ಮುಗಿಯುತ್ತಲೇ ಕಂಪನಿಯ ಪ್ರೊಡ್ಯೂಸರನ್ನು ಹಿಡಿದೆ.

‘ನೋಡಿ ಮೇಡಂ, ಕೇಳೋರಿಗೆ ಮಣ್ಣಿನ ವಾಸನೆ ಬರಬೇಕು. ಆ ಕಿರಿಕಿರಿ ಸದ್ದು ನಾಯ್ಸ್. ಕ್ಲೀನ್ ಮಾಡಿದ್ವಿ.’

‘ಮಣ್ಣು ಎಲ್ಲಿತ್ತು ಸರ್? ಅದು ಏರ್‌ಪೋರ್ಟ್ ರೋಡಿನ ಹಾಡು.’

‘ಬೆಂಗಳೂರು ರೂರಲ್ ಹುಡುಗರು ತಾನೆ?’

‘ಪೋಸ್ಟರಲ್ಲಿ ನಯಾಜ್ ಯಾಕಿಲ್ಲ?’

‘ಆ ವಿಷುಯಲ್‌ಗೆ ಸೆಟ್ ಆಗಲಿಲ್ಲ.’

ಸೆಟ್ ಆಗಲಿಲ್ಲ! ಮಧುವಿಗೆ ಹೊದಿಸಿದ ಕಂಬಳಿಯನ್ನು ನಯಾಜ್‌ಗೂ ಹೊದಿಸಬಹುದಿತ್ತಲ್ಲ? ಇಬ್ಬರೂ ಕುರಿ ಕಾದವರಲ್ಲ. ನಯಾಜ್ ಎಂಬ ಹೆಸರಿನವನು ಇವರ ಮಣ್ಣಿನ ಚಿತ್ರಕ್ಕೆ ಯಾಕೆ ಹೊಂದಲಿಲ್ಲ? ಹೇಳಲಿ, ಬಾಯಿ ಬಿಟ್ಟೇ ಹೇಳಲಿ. ಆಲ್ಬಮ್ಮಿನಲ್ಲಿ ಬೀಟ್‌ಗಳೆಲ್ಲ ಪ್ರೊಡ್ಯೂಸರ್ ಹೆಸರಿನಲ್ಲಿವೆ. ಕೊನೆಗೊಂದು ಸಾಲು: ‘ಆರಂಭಿಕ ಐಡಿಯಾ: ನಯಾಜ್’. ಇವರಿಬ್ಬರೇ ಮೊದಲು ಹಾಕಿದ್ದ ಹಳೆಯ ಹಾಡುಗಳನ್ನು ಇಂಟರ್ನೆಟ್ಟಿನಿಂದಲೂ ಕಿತ್ತು ಹಾಕಿದ್ದಾರೆ. ಸಹಿ ಹಾಕಿದ್ದಾರಲ್ಲ, ಕಂಪನಿಗೆ ಹಕ್ಕಿದೆಯಂತೆ.

ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಮುರಿಯಬೇಕು ಅಂತ ನಮ್ಮ ಡಿಬೇಟ್ ಮೇಷ್ಟ್ರು ಕಲಿಸಿದ್ದರು. ಸರಿ, ಹೇಳುತ್ತೇನೆ. ಹೆಚ್ಚಿನವರು ಹಾಡು ಕೇಳುವುದು ಫೋನಲ್ಲಿ. ಫೋನಿಗೆ ಅಷ್ಟು ಬೇಸ್ ತಡೆಯೋಕಾಗಲ್ಲ. ಒಪ್ಪಿದೆ, ಇಳಿಸಿ. ಆದರೆ ಇಳಿಸಿದ ಜಾಗಕ್ಕೆ ಹಸುವಿನ ಗಂಟೆ ಯಾಕೆ ಬಂತು? ಅದನ್ನೂ ಫೋನೇ ಕೇಳಿತಾ?

(ತಮಟೆ ಮೇಲೆ ನನಗೆ ಸಿಟ್ಟಿಲ್ಲ. ತಮಟೆ ಬಾರಿಸುವ ಒಬ್ಬರನ್ನಾದರೂ ಸ್ಟುಡಿಯೋಗೆ ಕರೆದಿದ್ದರೆ ಅರ್ಧ ಕ್ಷಮಿಸುತ್ತಿದ್ದೆ. ಅದು ಲ್ಯಾಪ್‌ಟಾಪಲ್ಲಿ ಸಿಗುವ ರೆಡಿಮೇಡ್ ತಮಟೆ.)

ಜಿಲ್ಲೆಯ ಹೆಸರಿನಲ್ಲಿ ‘ಗ್ರಾಮಾಂತರ’ ಅಂತಿದ್ದರೆ ಸಾಕು, ನಮ್ಮಿಂದ ಸಗಣಿ ವಾಸನೆ ಬರಲೇಬೇಕು. ನಮ್ಮ ಹೊಲಗಳ ಮೇಲೆ ಲೇಔಟು, ಹೋಟೆಲು, ವಿಲ್ಲಾ ಎಲ್ಲ ಎದ್ದಾಯಿತು. ನಾವು ಹಾಡುವಾಗ ಮಾತ್ರ ಹೊಲದಲ್ಲೇ ನಿಂತಿರಬೇಕಂತೆ!

ವಾಪಸ್ ಬರುವಾಗ ನಯಾಜ್‌ನ ಪರಿಚಯದ ಕ್ಯಾಬ್ ಡ್ರೈವರ್, ‘ಗುರು, ನಿಂದೇ ಹಾಕ್ತೀನಿ ಇರು’ ಅಂತ ಪೆನ್‌ಡ್ರೈವ್ ಚುಚ್ಚಿದರು. ಹಳೆಯ ಹಾಡು. ಬೇಸ್ ಬಿತ್ತು. ಹಿಂದೆಯೇ ಟರ್ರ್.

‘ಆಫ್ ಮಾಡಣ್ಣ’ ಅಂದ ನಯಾಜ್.

ಅವತ್ತಿನಿಂದ ಅವನು ಲ್ಯಾಪ್‌ಟಾಪ್ ತೆರೆದಿಲ್ಲ. ಮೊನ್ನೆ ಅಂಗಡಿಗೆ ಹೋದರೆ ಯಾರದೋ ನಂಬರ್ ಪ್ಲೇಟಿಗೆ ರಬ್ಬರ್ ಕೊಡುತ್ತಾ ಕೂತಿದ್ದ. ನನ್ನ ಮುಖ ನೋಡಲಿಲ್ಲ.

ಪ್ರೊಡ್ಯೂಸರನ್ನು ನಾನಿನ್ನು ಏನೂ ಕೇಳುವುದಿಲ್ಲ. ಅವರಿಗೆ ಅದು ನಾಯ್ಸ್. ಮಧು, ನಿನಗೆ ಗೊತ್ತಿತ್ತು. ಆ ಸದ್ದು ಅಳಿಸುವಾಗ ನೀನೂ ಅದೇ ಸ್ಟುಡಿಯೋದಲ್ಲಿ ಕೂತಿದ್ದೆ.

‘ಅದು ನಯಾಜ್‌ದು, ಮುಟ್ಟಬೇಡಿ’ ಅಂತ ಒಂದು ಸಲವಾದರೂ ಅಂದೆಯೇನೋ?