ಬೇಸ್‌ಮೆಂಟಿನಲ್ಲೊಂದು ಬಚ್ಚಲೊಲೆ

ನನ್ನ ಗಂಡ ಮಂಜುನಾಥ ನನ್ನನ್ನು ಒಪ್ಪಿಕೊಳ್ಳಲು ತೆಗೆದುಕೊಂಡದ್ದು ಒಂದು ತಟ್ಟೆ ಕೇಸರಿಬಾತು ಖಾಲಿಯಾಗುವಷ್ಟು ಹೊತ್ತು. ಅದೇ ಮನುಷ್ಯ ಒಂದು ಒಲೆಯನ್ನು ಒಪ್ಪಿಕೊಳ್ಳಲು ಇಡೀ ಒಂದು ಚಳಿಗಾಲ, ಮೇಲೊಂದು ಬೇಸಿಗೆ ತೆಗೆದುಕೊಂಡ.

(ಬೇಜಾರೇನಿಲ್ಲ. ಒಲೆಗಾದರೆ ವಾರಂಟಿ ನೋಡಬೇಕಿತ್ತು. ನನಗೆ ಜಾತಕ ನೋಡಿದರೆ ಸಾಕಾಗಿತ್ತು.)

ಒಲೆಯೆಂದರೆ ಅಡುಗೆಯದಲ್ಲ. ಮಲ್ಟಿ ಫ್ಯೂಯೆಲ್ ಬಾಯ್ಲರ್ ಸ್ಟವ್. ಸೌದೆ ಹಾಕಿ, ಕಲ್ಲಿದ್ದಲು ಹಾಕಿ, ಮರದ ಹೊಟ್ಟನ್ನು ಒತ್ತಿ ಮಾಡಿದ ಇಟ್ಟಿಗೆ ಹಾಕಿ, ಉರಿಯುತ್ತದೆ. ಬೆಂಕಿಯ ಬೆನ್ನಿಗೇ ನೀರಿನ ಕೋಶ. ಕಾದ ನೀರು ಪೈಪುಗಳಲ್ಲಿ ಓಡಾಡಿ ಮನೆಯನ್ನು ಬೆಚ್ಚಗಿಡುತ್ತದೆ, ಬಚ್ಚಲಿಗೂ ಬರುತ್ತದೆ. ನಮ್ಮ ಊರುಗಳಲ್ಲಿ ಇದಕ್ಕೆ ಬಚ್ಚಲೊಲೆ ಎನ್ನುತ್ತಿದ್ದರು, ಬ್ರೋಷರ್ ಇರಲಿಲ್ಲ.

ನಮಗೇಕೆ ಇದು ಬೇಕಾಯಿತು? ಇಲ್ಲಿ ಮಿಶಿಗನ್‌ನಲ್ಲಿ ನಮ್ಮ ಸ್ನೇಹಿತರೆಲ್ಲ ಕ್ಯಾಂಟನ್ನು, ನೋವೈಗಳ ಹೊಸ ಬಡಾವಣೆಗಳಲ್ಲಿ ಸುಖವಾಗಿದ್ದಾರೆ. ನೆಲದಡಿಯಲ್ಲಿ ಗ್ಯಾಸ್ ಪೈಪು ಬರುತ್ತದೆ, ಗುಂಡಿ ತಿರುಗಿಸಿದರೆ ಶಾಖ. ಮಂಜುಗೆ ಮಾತ್ರ ಜಮೀನು ಬೇಕಿತ್ತು. ಹಾಗಾಗಿ ನಾವು ನಾರ್ತ್‌ವಿಲ್ ದಾಟಿ ಇನ್ನಷ್ಟು ಮೈಲಿ ಆಚೆ, ಯಾರೋ ಜರ್ಮನ್ ರೈತ ಕಟ್ಟಿದ್ದ ಹಳೇ ಮನೆ ಕೊಂಡೆವು. ಅಲ್ಲಿಗೆ ಗ್ಯಾಸ್ ಪೈಪು ಬಂದಿಲ್ಲ. ಹಿತ್ತಲಲ್ಲಿ ಬಿಳಿ ಎಮ್ಮೆಯಂತೆ ಪ್ರೊಪೇನ್ ಗ್ಯಾಸಿನ ಟ್ಯಾಂಕು ಮಲಗಿರುತ್ತದೆ. ದುಡ್ಡು ತಿನ್ನುವುದೂ ಎಮ್ಮೆಯಷ್ಟೇ. ಮಗಳು ನಿಧಿ ಶವರ್ ಮುಗಿಸಿ ಬಂದರೆ ಉಳಿದವರಿಗೆ ಉಗುರುಬೆಚ್ಚಗಿನ ನೀರು.

ಮಂಜು ಪ್ಲಿಮತ್‌ನಲ್ಲಿ ಕಾರಿನ ಹೀಟರ್ ಡಿಸೈನ್ ಮಾಡುವ ಎಂಜಿನಿಯರ್. ಜಗತ್ತಿನ ಕಾರುಗಳೆಲ್ಲ ಬೆಚ್ಚಗಿರುವಾಗ ತನ್ನ ಬಚ್ಚಲು ತಣ್ಣಗಿರುವುದು ಅವನಿಗೆ ಅವಮಾನವಾಯಿತು.

ಶುರುವಾಯಿತು ನೋಡಿ ಆಯ್ಕೆ. ಡೈನಿಂಗ್ ಟೇಬಲ್ಲಿನ ಮೇಲೆ ಡಿಸೈನ್ ರಿವ್ಯೂ. ಬರೀ ಸೌದೆಯ ಒಲೆ? ಬೇಡ, ಒಂದೇ ಇಂಧನವನ್ನು ನಂಬಬಾರದು. ಜೋಳ, ಮರದ ಗುಳಿಗೆ ಉರಿಸುವ ಒಲೆ? ಅದು ನನಗೆ ಬಹಳ ಹಿಡಿಸಿತ್ತು. ಮೇಲೊಂದು ಡಬ್ಬ ಇರುತ್ತದೆ, ಬೆಳಿಗ್ಗೆ ತುಂಬಿದರೆ ಮೋಟಾರು ತಾನೇ ಸ್ವಲ್ಪ ಸ್ವಲ್ಪ ತಿನ್ನಿಸುತ್ತದೆ.

"ಕರೆಂಟ್ ಹೋದ್ರೆ?" ಎಂದ ಮಂಜು. ಹಿಂದಿನ ವರ್ಷ ಆಗಸ್ಟಿನಲ್ಲಿ ಡೆಟ್ರಾಯಿಟ್ಟಿಗೆ ಡೆಟ್ರಾಯಿಟ್ಟೇ ಕತ್ತಲಾಗಿತ್ತಲ್ಲ, ಆಗಿನಿಂದ ಅವನಿಗೆ ಕರೆಂಟಿನ ಮೇಲೆ ವಿಶ್ವಾಸವಿಲ್ಲ. "ನಮ್ ಒಲೆ ಯಾರ ಮೇಲೂ ಡಿಪೆಂಡ್ ಆಗ್ಬಾರ್ದು ಕಣೆ."

ಕೊನೆಗೆ ಆನ್ ಆರ್ಬರ್ ಕಡೆಯ ಒಂದು ಒಲೆ ಅಂಗಡಿಗೆ ಹೋದೆವು. ಅಲ್ಲಿನ ಗಡ್ಡದ ಮಾರಾಟಗಾರ, ಕೈಯಲ್ಲಿ ಇಂಧನ ಹಾಕುವ ಈ ದೊಡ್ಡ ಮಲ್ಟಿ ಫ್ಯೂಯೆಲ್ ಒಲೆಯನ್ನು ತೋರಿಸಿ ಒಂದು ಪ್ರಶ್ನೆ ಕೇಳಿದ. ಹಗಲು ಹೊತ್ತು ಮನೆಯಲ್ಲಿ ಯಾರಾದರೂ ಇರುತ್ತಾರೆಯೇ?

"ಓ ಯೆಸ್," ಎಂದ ಮಂಜು, "ಮೈ ವೈಫ್ ಈಸ್ ಹೋಮ್."

ಮಾರಾಟಗಾರ ನನ್ನ ಕಡೆ ನೋಡಿ ನಕ್ಕ. ನಾನೂ ನಕ್ಕೆ. ಒಲೆಯ ಬಿಡಿಭಾಗಗಳಲ್ಲಿ ನಾನೂ ಸೇರಿದ್ದೇನೆಂದು ಆಗ ಹೊಳೆಯಲಿಲ್ಲ.

ಇಲ್ಲಿ ನನ್ನ ವಿಷಯ ಎರಡು ಮಾತು ಹೇಳಬೇಕು. ನಾನು ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿದವಳು. ಇಲ್ಲಿಗೆ ಬಂದದ್ದು ಡಿಪೆಂಡೆಂಟ್ ವೀಸಾದಲ್ಲಿ, ಅಂದರೆ ಓದಿದ್ದನ್ನು ಸೂಟ್‌ಕೇಸಿನಲ್ಲೇ ಇಟ್ಟುಕೊಂಡು ಕೂರಬೇಕಾದ ವೀಸಾ. ಗ್ರೀನ್ ಕಾರ್ಡ್ ಬಂದ ಮೇಲೆ ಕಮ್ಯುನಿಟಿ ಕಾಲೇಜಿಗೆ ಹೋಗಿ, ಮಗಳ ಜೊತೆ ಕೂತು ಹೋಮ್‌ವರ್ಕ್ ಮಾಡಿ, ಲ್ಯಾಬ್ ಪರೀಕ್ಷೆ ಪಾಸು ಮಾಡಿಕೊಂಡೆ. ಆ ಶರತ್ಕಾಲದಲ್ಲಿ ಕೆಲಸಕ್ಕೆ ಅರ್ಜಿ ಹಾಕಿ ಕೂತಿದ್ದೆ. ಮನೆಯಲ್ಲಿದ್ದೆ, ನಿಜ. ಆದರೆ ಮನೆ ಬಿಡಲು ಕಾಯುತ್ತಾ ಇದ್ದೆ.

ಅಷ್ಟರಲ್ಲಿ ಒಲೆ ಬಂತು. ಬೇಸ್‌ಮೆಂಟಿನಲ್ಲಿ ಪ್ರತಿಷ್ಠಾಪನೆಯಾಯಿತು. ಹಳೇ ವಾಟರ್ ಹೀಟರನ್ನು ಕಿತ್ತು ಹಾಕಿದರು. ಮನೆಗೆ ಬಿಸಿಗಾಳಿ ಊದುವ ಪ್ರೊಪೇನ್ ಫರ್ನೇಸನ್ನು ಮಾತ್ರ ಆಪತ್ತಿಗಿರಲಿ ಎಂದು ಬಿಟ್ಟರು.

ಇಂಧನಕ್ಕೆ ಬರವಿರಲಿಲ್ಲ. ನಮ್ಮ ಕಡೆ ಹಸಿರು ಹುಳುವೊಂದು ಬಂದು ಆ್ಯಶ್ ಮರಗಳನ್ನೆಲ್ಲ ಕೊಂದಿತ್ತಲ್ಲ, ನಮ್ಮ ಹಿತ್ತಲಲ್ಲೇ ಒಣಗಿ ನಿಂತವು ಸಾಲಾಗಿದ್ದವು. ಆ ಸೌದೆಯನ್ನು ಊರು ದಾಟಿಸುವಂತಿಲ್ಲ, ಹುಳು ಹರಡುತ್ತದೆ ಎಂದು ಸರಕಾರದ ಕಟ್ಟಪ್ಪಣೆ. ದಾಟಿಸುವವರು ಯಾರು? ನಮ್ಮ ಮರ, ನಮ್ಮ ಒಲೆ. ಕಲ್ಲಿದ್ದಲಿನ ಚೀಲಗಳೂ ಬಂದಿದ್ದವು. ಮಂಜು ಅವನ್ನು ಮೂಲೆಗೆ ತಳ್ಳಿ, "ಸೌದೆ ಬಿಟ್ಟಿ ಸಿಕ್ತಿರೋವಾಗ ಇದ್ಯಾಕೆ?" ಎಂದ.

ಸೌದೆ ಬಿಟ್ಟಿ, ಸರಿ. ಆದರೆ ಸೌದೆ ಬೇಗ ಉರಿದುಹೋಗುತ್ತದೆ. ಮಂಜು ಬೆಳಿಗ್ಗೆ ತುಂಬಿ ಹೋದದ್ದು ನಾನು ಕಾಫಿ ಲೋಟ ತೊಳೆಯುವಷ್ಟರಲ್ಲಿ ಕೆಂಡ. ಇಳಿ, ತುಂಬು, ಹತ್ತು. ಬಟ್ಟೆ ಮಡಚು. ಇಳಿ, ತುಂಬು, ಹತ್ತು. ಮಧ್ಯೆ ಪ್ಲಿಮತ್‌ನಿಂದ ಫೋನು.

"ಟೆಂಪರೇಚರ್ ಎಷ್ಟಿದೆ?"

"ನನ್ನದಾ, ಒಲೇದಾ?"

"ಮೇಲಿನ್ ಗಾಳಿ ಕಿಂಡಿ ಸ್ವಲ್ಪ ಕ್ಲೋಸ್ ಮಾಡೇ. ಅರ್ಧ ಅಲ್ಲ, ಅರ್ಧದಲ್ಲಿ ಅರ್ಧ."

ನಿಧಿ ಸ್ಕೂಲಿನಿಂದ ಬಂದು ನನ್ನ ಮಸಿ ಮೂತಿ ನೋಡಿ ಹೇಳುತ್ತಿದ್ದಳು, "ಮಾಮ್, ಇಟ್ಸ್ ಲೈಕ್ ಯು ಹ್ಯಾವ್ ಎ ಬೇಬಿ." ಮಗುವಾದರೂ ಒಂದು ವಯಸ್ಸಿಗೆ ತಾನೇ ತಿನ್ನುವುದು ಕಲಿಯುತ್ತದೆ.

ಸುಳ್ಳು ಹೇಳಬಾರದು, ಬಿಸಿನೀರು ಮಾತ್ರ ಸೊಗಸಾಗಿತ್ತು. ಮೈ ಕೆಂಪಾಗುವಂಥ ನೀರು. ಆರು ತಿಂಗಳಿಗೆಂದು ತಿಪಟೂರಿನಿಂದ ಬಂದಿದ್ದ ನಮ್ಮ ಅತ್ತೆ ಮೊದಲ ದಿನ ತಲೆಗೆರೆದುಕೊಂಡು ಬಂದು, "ಇದಪ್ಪ ನೀರು ಅಂದ್ರೆ" ಎಂದರು. ಮಂಜು ಉಬ್ಬಿಹೋದ.

ಉಬ್ಬಿದವನಿಗೆ ತಿಪಟೂರು ನೆನಪಾಯಿತು. ತಿಪಟೂರೆಂದರೆ ತೆಂಗು, ತೆಂಗೆಂದರೆ ಚಿಪ್ಪು. ಅವರ ಮನೆಯ ಬಚ್ಚಲೊಲೆಗೆ ತೆಂಗಿನ ಚಿಪ್ಪೇ ಹಾಕುತ್ತಿದ್ದರಂತೆ. ಮಲ್ಟಿ ಫ್ಯೂಯೆಲ್ ಎಂದ ಮೇಲೆ ಚಿಪ್ಪು ಫ್ಯೂಯೆಲ್ ಅಲ್ಲವೇ? ಕನ್ನಡ ಸಂಘದ ದೀಪಾವಳಿ ಊಟದಲ್ಲಿ ಮೈಕು ಹಿಡಿದು, "ಚಿಪ್ಪು ಬಿಸಾಡ್ಬೇಡಿ, ನಮಗೆ ಕೊಡಿ" ಎಂದುಬಿಟ್ಟ. ಅಲ್ಲಿಂದ ಮುಂದೆ ನಾವು ಯಾರ ಮನೆಗೆ ಊಟಕ್ಕೆ ಹೋದರೂ ಬರುವಾಗ ಅರಿಶಿನ ಕುಂಕುಮದ ಜೊತೆ ಒಂದು ಗ್ರೋಸರಿ ಬ್ಯಾಗು ಚಿಪ್ಪು. (ಕೈಗೆ ಚಿಪ್ಪು ಕೊಡುವುದನ್ನು ಇಷ್ಟು ಪ್ರೀತಿಯಿಂದ ಮಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.)

ಒಂದು ಶನಿವಾರ ಅಷ್ಟನ್ನೂ ಒಟ್ಟಿಗೇ ಒಲೆಗೆ ತುಂಬಿದ. ಊರಿನ ಹಂಡೆ ಒಲೆಯ ಬಾಯಿ ಸದಾ ತೆರೆದಿರುತ್ತದೆ, ಒಂದೊಂದೇ ಚಿಪ್ಪು ಎಸೆಯುತ್ತಾರೆ. ಇದು ಬಾಗಿಲು ಮುಚ್ಚಿದ ಕಬ್ಬಿಣದ ಒಲೆ. ಸ್ವಲ್ಪ ಹೊತ್ತಿಗೆ ಟೆಂಪರೇಚರ್ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿತು. ಪೈಪುಗಳು ಗುಡುಗಿದವು. ಸೇಫ್ಟಿ ವಾಲ್ವು ಬುಸ್ಸೆಂದು ತೆರೆದು ಕುದಿವ ನೀರನ್ನು ಬೇಸ್‌ಮೆಂಟಿನ ನೆಲಕ್ಕೆಲ್ಲ ಸುರಿಯಿತು. ಮಂಜು ವಾಷಿಂಗ್ ಮೆಷಿನ್ ಮೇಲೆ ಹತ್ತಿ ನಿಂತು, "ಸಿಸ್ಟಂ ಸರಿಯಾಗಿ ವರ್ಕ್ ಆಗ್ತಿದೆ" ಎಂದು ಕೂಗಿದ. ಅತ್ತೆ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಡಿಸೆಂಬರಿನಲ್ಲಿ ಆನ್ ಆರ್ಬರ್‌ನ ಲ್ಯಾಬೊಂದರಿಂದ ಫೋನು ಬಂತು. ಕೆಲಸ ಸಿಕ್ಕಿತು. ಜನವರಿಯ ಮೊದಲ ಸೋಮವಾರದಿಂದ, ಫುಲ್ ಟೈಮ್. ನಾನು ಫೋನಿಟ್ಟು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಸಂಜೆ ಮಂಜುಗೆ ಹೇಳಿದರೆ ಅವನೂ ಕುಣಿದ. ಫ್ರೀಜರಿನಿಂದ ಗುಲಾಬ್ ಜಾಮೂನ್ ತೆಗೆದ. ಎರಡನೇ ಜಾಮೂನ್ ಬಾಯಿಗೆ ಹೋಗುವಾಗ ಅವನ ಕೈ ನಿಂತಿತು.

"ಅಲ್ಲ ಕಣೆ, ಒಲೆ?"

"ಒಲೆಗೇನು?"

"ಹಗಲೊತ್ತು ಯಾರು ನೋಡ್ಕೋತಾರೆ? ಒಂದ್ ಕೆಲಸ ಮಾಡು. ಮಾರ್ಚ್‌ನಿಂದ ಬರ್ತೀನಿ ಅಂತ ಕೇಳಿ ನೋಡು. ಅಷ್ಟೊತ್ತಿಗೆ ಚಳಿ ಇಳಿದಿರುತ್ತೆ. ಇಲ್ಲಾ ಪಾರ್ಟ್ ಟೈಮ್ ಇದ್ಯಾ ಅಂತ."

ಅವನು ಕೆಟ್ಟವನಲ್ಲ. ಪರೀಕ್ಷೆಯ ಹಿಂದಿನ ದಿನ ನನಗೆ ಅನ್ನ ಸಾರು ಮಾಡಿ ಹಾಕಿದವನು. ಅದಕ್ಕೇ ಹೆಚ್ಚು ನೋವಾಯಿತು. ಒಂಬತ್ತು ವರ್ಷ ವೀಸಾಕ್ಕೆ ಕಾದೆ, ಕಾರ್ಡಿಗೆ ಕಾದೆ, ಮಗಳು ದೊಡ್ಡವಳಾಗಲಿ ಎಂದು ಕಾದೆ. ಈಗ ಒಂದು ಒಲೆಗೆ ಕಾಯಬೇಕೇ? ನನಗೆ ಅಳು ಬಂತು, ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದಿದ್ದರಿಂದ ಮಾತು ಹೊರಡಲಿಲ್ಲ.

ಮಂಜು ಅದನ್ನು ಒಪ್ಪಿಗೆ ಎಂದುಕೊಂಡ. ತಾಯಿಯ ಕಡೆ ತಿರುಗಿ, "ನಮ್ಮನೇಲೂ ದಿನಾ ಒಲೆ ಉರೀತಿತ್ತಲ್ವೇನಮ್ಮ? ಯಾರಿಗೂ ಒಂದ್ ದಿನ ತೊಂದರೆ ಅನ್ನಿಸ್ಲಿಲ್ಲ" ಎಂದ.

ಅತ್ತೆ ಜಾಮೂನಿನ ಬಟ್ಟಲು ಕೆಳಗಿಟ್ಟರು. "ಹೌದಾ? ಯಾರಪ್ಪ ಹಚ್ತಿದ್ರು ಅದನ್ನ?"

ಮಂಜು ಯೋಚಿಸಿದ. ನಿಜವಾಗಿ ಯೋಚಿಸಿದ. "ಅಪ್ಪ?"

"ನಿಮ್ಮಪ್ಪಂಗೆ ಬಚ್ಚಲು ಯಾವ ಕಡೆಗಿದೆ ಅಂತ ಗೊತ್ತಿದ್ದಿದ್ದೇ ದೊಡ್ಡದು. ಹೇಳು, ಯಾರು?"

"ಹಚ್ತಿದ್ರು ಅಂದ್ರೆ... ನಾನ್ ಏಳೋವಾಗ ಉರೀತಾ ಇರ್ತಿತ್ತಲ್ಲಮ್ಮ."

ನಿಧಿಗೆ ಕನ್ನಡ ಪೂರ್ತಿ ಅರ್ಥವಾಗುವುದಿಲ್ಲ. ಆದರೆ ಆ ಕ್ಷಣ ಅವಳೂ ಫೋರ್ಕು ಕೆಳಗಿಟ್ಟು, "ಓ ಮೈ ಗಾಡ್, ಡ್ಯಾಡ್" ಎಂದಳು.

"ಕೋಳಿ ಕೂಗೋಕ್ ಮುಂಚೆ ನಾನೇಳ್ತಿದ್ದೆ ಕಣೋ," ಎಂದರು ಅತ್ತೆ. ದನಿಯಲ್ಲಿ ದೂರೂ ಇರಲಿಲ್ಲ, ಅಳುವೂ ಇರಲಿಲ್ಲ. "ಮಳೇಲಿ ಚಿಪ್ಪು ನೆಂದಿರೋದು. ಊದಿ ಊದಿ ಕಣ್ಣು ಹೋಗೋದು. ನೀನು ಹೊಸ್ತಿಲಲ್ಲಿ ಟವಲ್ ಹಾಕ್ಕೊಂಡು ನಿಂತು ನೀರು ಕಾದಿದ್ಯಾ ಅಂತ ಕೇಳ್ತಿದ್ದೆ."

ಇಲ್ಲಿಗೆ ಕಥೆ ಮುಗಿಯಬೇಕಿತ್ತು, ಅಲ್ಲವೇ? ಮಗನ ಕಣ್ಣು ತೆರೆಯಿತು, ಎಲ್ಲರೂ ಮೂಗು ಒರೆಸಿಕೊಂಡರು. ನೀವು ನನ್ನ ಗಂಡನನ್ನು ನೋಡಿಲ್ಲ. ಅವನ ಕಣ್ಣು ತೆರೆದದ್ದೇನೋ ಹೌದು. ಅದು ಹೋಗಿ ನಿಂತದ್ದು ಅತ್ತೆಯ ಮೇಲೆ.

"ಅಮ್ಮ! ನಿಂಗೆ ಇದರ ಅಭ್ಯಾಸ ಇದೆ! ಏಪ್ರಿಲ್‌ವರೆಗೂ ಇಲ್ಲೇ ಇರ್ತೀಯಲ್ಲ!"

ಅತ್ತೆ ಎದ್ದು ನಿಂತರು. "ಮಂಜ, ನಾನು ವಿಮಾನ ಹತ್ತಿ ಬಂದಿರೋದು ಬಚ್ಚಲೊಲೆ ಹಚ್ಚೋಕಲ್ಲ. ಜನವರೀಲಿ ಅವಳು ಕೆಲಸಕ್ಕೆ ಹೋಗ್ತಾಳೆ. ನಾನು ಒಲೆ ಮುಟ್ಟಲ್ಲ. ಮಗೂನೂ ಮುಟ್ಟಲ್ಲ. ಆಮೇಲೆ ನಿನ್ನಿಷ್ಟ."

ಜನವರಿಯ ಆ ಮೊದಲ ಸೋಮವಾರ ನಾನು ಇಸ್ತ್ರಿ ಮಾಡಿದ ಬಿಳಿ ಕೋಟು ಸೀಟಿನ ಮೇಲಿಟ್ಟುಕೊಂಡು ಎಂ-14 ಹೆದ್ದಾರಿಯಲ್ಲಿ ಡ್ರೈವ್ ಮಾಡಿಕೊಂಡು ಹೋದೆ. ಎಷ್ಟು ಹಿಗ್ಗಾಗಿತ್ತೆಂದರೆ ನನ್ನ ಎಕ್ಸಿಟ್ಟನ್ನೇ ದಾಟಿ ಮುಂದೆ ಹೋಗಿದ್ದೆ.

ಮನೆಯಲ್ಲಿ ಅತ್ತೆ ಮಾತಿಗೆ ತಪ್ಪಲಿಲ್ಲ. ಎರಡು ಸ್ವೆಟರು ಹಾಕಿ, ಕಂಬಳಿ ಹೊದ್ದು, ಫರ್ನೇಸಿನ ಬಿಸಿಗಾಳಿ ಬರುವ ಕಿಂಡಿಯ ಪಕ್ಕ ಕುರ್ಚಿ ಎಳೆದುಕೊಂಡು ಟಿ.ವಿ. ನೋಡಿದರು. ಕೆಳಗೆ ಒಲೆ ಆರಿತು. ಸಂಜೆ ಆಫೀಸಿನವರ ಜೊತೆ ಬ್ಯಾಡ್ಮಿಂಟನ್ ಆಡಿ ಬಂದ ಮಂಜು ಮೈತುಂಬ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸಿದ. ಜನವರಿಯ ಮಿಶಿಗನ್ ನೀರು. ಆ ಕೂಗು ನಿಮಗೂ ಕೇಳಿಸಿರಬಹುದು.

ಮಂಗಳವಾರ ಲಂಚಿಗೆ ಪ್ಲಿಮತ್‌ನಿಂದ ಮನೆಗೆ ಓಡಿಬಂದು ಒಲೆ ತುಂಬಿದ. ಬುಧವಾರವೂ ಬಂದ. ಗುರುವಾರ ಮೀಟಿಂಗಿಗೆ ಅಂಗಿಯ ತೋಳಿನಲ್ಲಿ ಬೂದಿಯೊಂದಿಗೆ ಹೋಗಿ ಬಾಸ್ ಕೈಲಿ ಬೈಸಿಕೊಂಡ. ಶನಿವಾರ ಬೆಳಿಗ್ಗೆ ಮೊದಲ ಬಾರಿಗೆ ಒಲೆಯ ಮ್ಯಾನ್ಯುಯಲ್ಲನ್ನು ಬಿಚ್ಚಿ, ಪೆನ್ಸಿಲ್ ಹಿಡಿದು ಓದಿದ. ನಿಧಾನವಾಗಿ ಉರಿಯುವ ಕಲ್ಲಿದ್ದಲಿನ ಚೀಲ ಮೂಲೆಯಿಂದ ಹೊರಬಂತು. ಸೌದೆಗೆ ಮೇಲಿನಿಂದ ಗಾಳಿ ಬೇಕು, ಕಲ್ಲಿದ್ದಲಿಗೆ ಕೆಳಗಿನಿಂದ. ಜಾಲರಿ ಅಲುಗಿಸಿ ಬೂದಿ ಬೀಳಿಸಿ, ಕಲ್ಲಿದ್ದಲನ್ನು ದಪ್ಪಗೆ ತುಂಬಿ, ಕೆಳಗಿನ ಕಿಂಡಿಯನ್ನು ಬೆರಳಿನಷ್ಟೇ ತೆರೆದಿಟ್ಟ. ಮುಂದಿನ ಸೋಮವಾರ ಸಂಜೆ ಎಲ್ಲರೂ ಮನೆಗೆ ಬಂದಾಗ ಕೆಂಡ ನಿಗಿನಿಗಿ ಎನ್ನುತ್ತಿತ್ತು. ನಲ್ಲಿಯಲ್ಲಿ ಹಬೆಯಾಡುವ ನೀರು.

"ನೋಡ್ದ್ಯಾ?" ಎಂದ ಮಂಜು. "ಹೊಸ ಡಿಸೈನ್. ಹಗಲೆಲ್ಲ ಯಾರೂ ಮುಟ್ಟೋದೇ ಬೇಡ."

ಅದೇ ಒಲೆ. ಅದೇ ಚಿಮಣಿ. ಅದೇ ಚೀಲ. ಬದಲಾದದ್ದು ಒಂದೇ, ನಾನು ಮನೆಯಲ್ಲಿರಲಿಲ್ಲ. ಇದನ್ನು ಆಮೇಲೂ ಹೇಳಬಹುದು. ಬಿಸಿನೀರು ಮೊದಲು. ಹೋಗಿ ಎರಡು ಬಕೆಟ್ಟು ಸುರಿದುಕೊಂಡೆ.

ತಲೆ ಒರೆಸಿಕೊಂಡು ಬಂದರೆ ಅತ್ತೆ ಫೋನಿನಲ್ಲಿದ್ದರು. ಆ ಕಡೆ ತಿಪಟೂರಿನಲ್ಲಿ ಬೆಳಗಿನ ಜಾವ, ಅವರ ದೊಡ್ಡ ಸೊಸೆ, ಅಂದರೆ ಮಂಜುವಿನ ಅತ್ತಿಗೆ, ಬಚ್ಚಲೊಲೆ ಹಚ್ಚಲೆಂದು ಎದ್ದಿದ್ದಳು.

"ಹಚ್ಚಬೇಡ, ಹೋಗಿ ಮಲ್ಕೋ," ಎನ್ನುತ್ತಿದ್ದರು ಅತ್ತೆ. "ಒಂದ್ ವಾರ ತಣ್ಣೀರು ಬೀಳ್ಲಿ, ನಮ್ಮನೆ ಗಂಡಸರೆಲ್ಲ ಎಂಜಿನಿಯರ್ ಆಗ್ತಾರೆ!"